ಡಬ್ಬಿಯಲ್ಲಿ ಉಳಿದ ಆರು ಕವಳ

ಸಾಗರದ ವಾಚನಾಲಯದ ಉದ್ದ ಮೇಜಿನ ಮೇಲೆ ಹೇರಂಬನ ಪತ್ರ ಕೈಯಿಂದ ಕೈಗೆ ದಾಟುತ್ತಿತ್ತು. ಹಿಂದಿನ ಸಂಜೆ ವಾಸಪ್ಪನ ಟೆಂಟ್ ಟಾಕೀಸಿನಲ್ಲಿ ಎಲ್ಲರೂ ನೋಡಿ ಬಂದಿದ್ದ ಸಿನಿಮಾದ ನಿರ್ಮಾಪಕರಿಗೆ ಬರೆದದ್ದು. ವಾರಪತ್ರಿಕೆಯಲ್ಲಿ ಊರೇ ಕಾದು ಓದಿದ ಕಾದಂಬರಿಯನ್ನು ಕೆಡಿಸಿದ್ದೀರಿ, ಅದೇ ಲೇಖಕಿಯ ಇನ್ನೊಂದನ್ನೂ ತೆಗೆಯುತ್ತೀರೆಂದು ಸುದ್ದಿ, ದಯವಿಟ್ಟು ಮುಟ್ಟಬೇಡಿ ಎಂದಿತ್ತು. ಆಗಲೇ ಇಪ್ಪತ್ತಮೂರು ಸಹಿ ಬಿದ್ದಿದ್ದವು.

ಆ ಇನ್ನೊಂದು ಕಾದಂಬರಿ ಗಂಗಾಳ ಜೀವ. ಬಿ.ಎ. ಮುಗಿಸಿ ಮನೆಯಲ್ಲಿದ್ದ ಅವಳು ಅದರ ಕಂತುಗಳನ್ನೆಲ್ಲ ಕಿತ್ತು, ದಬ್ಬಣದಲ್ಲಿ ಹೊಲಿದು, ರಟ್ಟು ಹಾಕಿಟ್ಟಿದ್ದಳು. ತೆರೆಯ ಮೇಲೆ ಅದನ್ನು ನೋಡುವ ಆಸೆಯನ್ನು ಯಾರಿಗೂ ಹೇಳಿರಲಿಲ್ಲ.

ಮೇಜಿನ ಸುತ್ತ ಎಲ್ಲರಿಗೂ ಒಂದೇ ಸಿಟ್ಟು. ಕಾದಂಬರಿಯ ವಾರಿಜ ಗಂಡನ ಮನೆ ಬಿಟ್ಟು, ವರ್ಷವಿಡೀ ಶಾಲೆಯಲ್ಲಿ ಪಾಠ ಹೇಳಿ, ಗಂಡನೇ ಬಂದು ಕರೆದ ಮೇಲೆ ಹಿಂದಿರುಗುತ್ತಾಳೆ. ಸಿನಿಮಾದಲ್ಲೋ, ಜಗಳವಾಡಿದ ಮರುಕ್ಷಣವೇ ನಗುತ್ತ ಅವನಿಗೆ ಬಡಿಸುತ್ತಿದ್ದಳು.

“ಗಂಗಾ, ನಿನ್ನ ಸಹಿ ಒಂದು ಬಾಕಿ ಇದ್ದು,” ಎಂದು ಹೇರಂಬ ಪೆನ್ನು ಚಾಚಿದ. ಅವನು ಅವಳ ದೊಡ್ಡಪ್ಪನ ಮಗ.

ಗಂಗಾ ಪೆನ್ನು ಮುಟ್ಟಲಿಲ್ಲ. ಎಲ್ಲರಿಗೂ ಕೇಳುವಂತೆ ಹೇಳಿದಳು: “ಆ ಸಿನಿಮಾ ನಾವ್ಯಾರೂ ಪೂರ್ತಿ ನೋಡಿಲ್ಲ ಹೇರಂಬಣ್ಣ. ಒಂದು ರೀಲು ಹಾಕೇ ಇಲ್ಲ.”

ಟೆಂಟಿನಲ್ಲಿ ಇದ್ದದ್ದು ಒಂದೇ ಯಂತ್ರ. ಪ್ರತಿ ರೀಲು ಬದಲಿಸುವಾಗಲೂ ದೀಪ ಹತ್ತುತ್ತಿತ್ತು. ಪಕ್ಕದ ಮನೆಯ ಯಮುನಮ್ಮ ದೀಪ ಹತ್ತಿದಾಗೊಮ್ಮೆ ಒಂದು ಪುಟ್ಟ ಕವಳ ಬಾಯಿಗಿಡುವವರು. ಎಲೆಯಡಿಕೆ ಮಡಿಸಿಕೊಡುವುದು ಗಂಗಾಳ ಪಾಲಿನ ಕೆಲಸ. ನಿನ್ನೆ ಮಡಿಸಿದ್ದು ಇಪ್ಪತ್ತು. ಇಂದು ಬೆಳಿಗ್ಗೆ ಡಬ್ಬಿಯಲ್ಲಿ ಆರು ವಾಪಸು ಬಂದಿದ್ದವು. ಸಿನಿಮಾದ ಶುರುವಿನಲ್ಲಿ ತೋರಿಸಿದ ಸೆನ್ಸಾರ್ ಸರ್ಟಿಫಿಕೇಟಿನಲ್ಲಿ ಹದಿನಾರು ರೀಲು ಎಂದಿತ್ತು. ನಡುವೆ ಹದಿನೈದು ಸಲ ದೀಪ ಹತ್ತಬೇಕು. ಕವಳ ಐದೇ ಉಳಿಯಬೇಕು ಎಂದು ಗಂಗಾ ಲೆಕ್ಕ ಬಿಡಿಸಿದಳು.

“ಯಮುನಮ್ಮ ಒಂದು ಹಾಕಲಿಕ್ಕೆ ಮರೆತಿರಬಹುದು,” ಎಂದ ಹೇರಂಬ.

ಅವನಿಗೇ ನಗು ಬಂತು. ಯಮುನಮ್ಮನನ್ನು ಬಲ್ಲವರು ಯಾರೂ ಆ ಮಾತು ಒಪ್ಪುವಂತಿರಲಿಲ್ಲ.

ಎಲ್ಲರೂ ಟೆಂಟಿಗೆ ನಡೆದರು. ವಾಸಪ್ಪನಿಗೆ ಕೋಪ ಬಂತು. ತೀರ್ಥಹಳ್ಳಿಯ ಟೆಂಟಿನಿಂದ ಬಸ್ಸಿನಲ್ಲಿ ಬಂದ ಪೆಟ್ಟಿಗೆಯನ್ನು ತಾನೇ ಇಳಿಸಿಕೊಂಡದ್ದು, ರೀಲಿನ ಡಬ್ಬಿ ಹದಿನಾರೂ ಇದ್ದವು ಎಂದ. ಮುಚ್ಚಳ ತೆಗೆದು ನೋಡಿ ಎಂದು ಗಂಗಾ ಬಿಡದೆ ಹೇಳಿದಳು. ಅವನು ಒಂದೊಂದಾಗಿ ತೆಗೆದ. ಒಂದರಲ್ಲಿ ಇದ್ದದ್ದು ಸೋಪಿನ ಜಾಹೀರಾತು; ಯಂತ್ರ ನಡೆಸುವ ಹುಡುಗ ನಿನ್ನೆ ಅದನ್ನು ಹಾಕದೆ ಬದಿಗಿಟ್ಟಿದ್ದ. ಹನ್ನೊಂದನೇ ರೀಲು ಇರಲಿಲ್ಲ.

“ಇಷ್ಟು ವರ್ಷ ಸಿನಿಮಾ ತೋರಿಸಿದ ನನಗೇ ಗೊತ್ತಾಗ್ಲಿಲ್ಲ, ನಿಮಗೆ ಹೆಂಗೆ ಗೊತ್ತಾಯ್ತು ತಂಗ್ಯಮ್ಮ?” ಎಂದು ಕೇಳಿದ. ಉತ್ತರ ಕೇಳಿ ಅವನ ಕೋಪ ಇಳಿಯಿತು.

ಮರುದಿನದ ತೀರ್ಥಹಳ್ಳಿ ಬಸ್ಸಿನಲ್ಲಿ ರೀಲು ಬಂತು. ಸಂಜೆ ಮತ್ತೆ ಅದೇ ಸಿನಿಮಾ. ವಾರಿಜ ಟ್ರಂಕು ಹಿಡಿದು ಹೊಸ್ತಿಲು ದಾಟಿದಾಗ ಹೆಂಗಸರ ಕಡೆಯಲ್ಲಿ ಒಂದು ಬಳೆಯೂ ಸದ್ದು ಮಾಡಲಿಲ್ಲ. ಯಮುನಮ್ಮ ಬಾಯಿಯ ಕವಳ ಅಗಿಯುವುದನ್ನೂ ನಿಲ್ಲಿಸಿದ್ದರು.

ಹೇರಂಬ ಹಳೆಯ ಪತ್ರ ಹರಿದು, ಆ ಇನ್ನೊಂದು ಕಾದಂಬರಿಯನ್ನೂ ಬೇಗ ತೆಗೆಯಿರಿ ಎಂದು ಹೊಸದಾಗಿ ಬರೆದು ತಂದ. ಈ ಸಲ ಗಂಗಾ ತಾನೇ ಕೈಚಾಚಿ ಪೆನ್ನು ತೆಗೆದುಕೊಂಡು, ಖಾಲಿ ಹಾಳೆಯಲ್ಲಿ ಎಲ್ಲರಿಗಿಂತ ಮೇಲೆ, ದಪ್ಪ ಅಕ್ಷರದಲ್ಲಿ ಸಹಿ ಹಾಕಿದಳು.