ಮುನಿಬಾ ಕೊಟ್ಟ ಮಾತ್ರೆ

ಕುಲುಮೆಯ ಮುಂದೆ ನಿಲ್ಲುವವರೆಲ್ಲ ಹೃದಯದ ತಪಾಸಣೆ ಮಾಡಿಸಿಕೊಳ್ಳಬೇಕೆಂದು ಉಕ್ಕಿನ ಕಾರ್ಖಾನೆ ಹೇಳಿದ್ದೇ ತಡ, ಬೋಸ್ನಾ ನದಿ ದಂಡೆಯ ಆ ಊರಿನ ಗಂಡಸರ ಮುಖ ಇಳಿದುಹೋಯಿತು. ಹೃದಯ ಕೆಟ್ಟಿದೆ ಎಂದರೆ ಕುಲುಮೆ ಕೆಲಸ ಹೋಯಿತು. ಅದು ಹೋದರೆ ಕುಲುಮೆಯವರಿಗೆ ಮಾತ್ರ ಬೇಗ ಸಿಗುವ ಪಿಂಚಣಿಯೂ ಹೋಯಿತು. ಶೆಫಿಕನಿಗೆ ಅದಕ್ಕೆ ಇನ್ನೊಂದೇ ಚಳಿಗಾಲ ಬಾಕಿ. ಮೆಟ್ಟಿಲು ಹತ್ತಿದರೆ ಅವನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಪಕ್ಕದಲ್ಲಿ ಮಲಗುವ ಹೆಂಡತಿ ಮುನಿಬಾಗೆ ಅದನ್ನು ಹೇಳಲು ಯಂತ್ರ ಬೇರೆ ಬೇಕೇ?

ತಪಾಸಣೆಯ ಬೆಳಿಗ್ಗೆ ಅವನು ಕಾಫಿ ಮುಟ್ಟಲಿಲ್ಲ. "ನಿನ್ನ ಮಾತ್ರೆ ಕೊಡೇ. ಅದೇ, ಎದೆ ಬಡಿತ ತಗ್ಗಿಸೋದು."

"ತಲೆ ಕೆಟ್ಟಿದೆಯಾ ನಿನಗೆ? ಅದು ಡಾಕ್ಟರು ನನಗೆ ಅಂತ ಅಳೆದು ಕೊಟ್ಟಿರೋದು."

"ಅಳೆಯೋಕೆ ಅದೇನು ಬಂಗಾರವಾ? ನಮ್ಮ ಕುಲುಮೆಯ ಇದ್ರೀಸ್ ಅವನ ಅತ್ತೆ ಮಾತ್ರೆ ನುಂಗಿ ಪಾಸಾದ. ಈಗ ಮದುಮಗನ ಹಾಗೆ ಓಡಾಡ್ತಿದಾನೆ."

ಮುನಿಬಾ ಬಯ್ಯುತ್ತಲೇ ಎರಡು ಕೊಟ್ಟಳು. ಅವನು ಅಂಗೈ ಚಾಚಿಕೊಂಡೇ ಇದ್ದ, ಇನ್ನೊಂದು ಹಾಕಿದಳು. ಹೇಗಾದರೂ ಪಾಸಾಗಲಿ ಎಂಬ ಆಸೆ ಅವಳಿಗೂ ಇತ್ತು, ಸುಳ್ಳೇಕೆ?

ಮಧ್ಯಾಹ್ನ ಫೋನ್ ಮಾಡಿದ. "ಇಪ್ಪತ್ತರ ಹುಡುಗನ ಎದೆ ಅಂದ್ರು ಕಣೇ. ಪಾಳಿ ಮುಗಿಸಿ ಬರ್ತೀನಿ, ಬುರೆಕ್ ಮಾಡಿಡು."

ಅವಳು ಮಾಂಸ ಹೆಚ್ಚಿಟ್ಟು, ಮೇಜಿನ ತುಂಬ ಹಿಟ್ಟನ್ನು ತೆಳ್ಳಗೆ ಎಳೆಯುತ್ತಿದ್ದಾಗ ಅವನ ಜೊತೆಗಾರ ರಾಸಿಮ್ ಬಾಗಿಲಿಗೆ ಬಂದ. ತಲೆಯ ಮೇಲೆ ಹೆಲ್ಮೆಟ್ ಹಾಗೇ ಇತ್ತು.

"ಅಕ್ಕ, ಶೆಫಿಕ್ ಕುಲುಮೆ ಮುಂದೆ ಕುಸಿದುಬಿಟ್ಟ. ಉಸಿರಿದೆ. ಬಾ, ಹೊರಡು."

ಆಸ್ಪತ್ರೆಯಲ್ಲಿ ಡಾಕ್ಟರ್ ಯದ್ರಾಂಕಾ ಹಾಸಿಗೆಯ ಪಕ್ಕದ ಯಂತ್ರದ ಪರದೆಯನ್ನೇ ನೋಡುತ್ತಿದ್ದಳು. "ಬಡಿತ ಇಳೀತಾನೇ ಇದೆ. ಬೆಳಿಗ್ಗೆ ಎಲ್ಲ ಸರಿ ಇತ್ತು ಅಂತಾರೆ. ಇವರು ಏನಾದ್ರೂ ನುಂಗಿದ್ರಾ? ಬೇಗ ಹೇಳಮ್ಮ."

ಶೆಫಿಕ್ ಅರೆಗಣ್ಣು ತೆರೆದು ಮುನಿಬಾಳ ಮಣಿಕಟ್ಟು ಹಿಡಿದ. ಅಷ್ಟು ಬಲ ಎಲ್ಲಿತ್ತೋ. "ಬೇಡ," ಎಂದ. "ಒಂದೇ ಚಳಿಗಾಲ, ಮುನಿಬಾ."

ಅವನು ಜೀವಮಾನವೆಲ್ಲ ಬೆಂಕಿಗೆ ಮುಖ ಒಡ್ಡಿ ದುಡಿದ ದುಡಿತ ತನ್ನ ಒಂದು ಮಾತಿನಲ್ಲಿ ಮಣ್ಣುಪಾಲಾಗುವುದು ಅವಳಿಗೆ ಗೊತ್ತಿತ್ತು.

"ನನ್ನ ಮಾತ್ರೆ, ಡಾಕ್ಟರೇ. ಮೂರು. ನಾನೇ ಕೊಟ್ಟೆ."

ಅವನ ಕೈ ಸಡಿಲವಾಯಿತು.

ಶೆಫಿಕ್ ಬದುಕಿದ. ಕುಲುಮೆ ಹೋಯಿತು, ಪಿಂಚಣಿ ಎಲ್ಲೋ ದೂರಕ್ಕೆ ಸರಿಯಿತು. ಕಾರ್ಖಾನೆಯ ಸ್ನಾನದ ಮನೆಯಲ್ಲಿ, ನಿನ್ನೆಯವರೆಗೆ ತನ್ನ ಹೆಗಲಿಗೆ ಹೆಗಲು ಕೊಟ್ಟವರಿಗೆ ಸೋಪು, ಟವೆಲ್ಲು ಹಂಚುವ ಕೆಲಸ ಅವನಿಗೆ ಕೊಟ್ಟರು. ಇದಾದ ಮೇಲೆ ಕಾರ್ಖಾನೆ ಎಲ್ಲರ ರಕ್ತವನ್ನೂ ಪರೀಕ್ಷಿಸತೊಡಗಿದಾಗ ಇದ್ರೀಸನೂ ಸಿಕ್ಕಿಬಿದ್ದ. ಅವನ ಹೆಂಡತಿ ಅಂಗಡಿಯಲ್ಲಿ ಮುನಿಬಾಳನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ಮನೆಯಲ್ಲಿ ಶೆಫಿಕ್ ಬೇಕು, ಬೇಡ ಎಂಬುದರಾಚೆ ಮಾತೇ ಆಡುತ್ತಿರಲಿಲ್ಲ.

ಒಂದು ದಿನ ಊಟದ ನಡುವೆ ಮುನಿಬಾಗೆ ತಡೆಯಲಾಗಲಿಲ್ಲ. "ನಾನು ಬಾಯಿ ಮುಚ್ಕೊಂಡು ನಿನ್ನ ಹೂಳಬೇಕಿತ್ತಾ? ಹೇಳಿಬಿಡು."

ಶೆಫಿಕ್ ಚಮಚ ಕೆಳಗಿಟ್ಟ. ಎಷ್ಟೋ ದಿನದ ಮೇಲೆ ಅವಳ ಕೈ ಸವರಿದ.

"ಕುಲುಮೆ ಮುಂದೆ ಸತ್ತಿದ್ರೆ ನಿನಗಾದ್ರೂ ವಿಧವಾ ಪಿಂಚಣಿ ಬರ್ತಿತ್ತು ಕಣೇ."

ಸಿಟ್ಟಿನಿಂದ ಅಂದಿದ್ದರೆ ಅವಳು ಸಹಿಸುತ್ತಿದ್ದಳು. ಅವನು ಅಕ್ಕರೆಯಿಂದ ಹೇಳಿದ್ದ.