ಹನ್ನೊಂದನೆಯ ಮಹಡಿಯ ನಡುಗೋಡೆ

ಹತ್ತು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ ಊರಿನಲ್ಲಿ ಹುಟ್ಟುವುದೂ ಸಾಯುವುದೂ ಮತ್ತೆ ನಿಂತುಹೋಯಿತು.

“ಹೋಯ್ತು ಸಾರ್,” ಎಂದ ಏಣಿ ಫೋನಿನಲ್ಲಿ. ಉದ್ದಕ್ಕೆ ಬೆಳೆದು, ಕಂಬ ಹತ್ತುವುದನ್ನೇ ಕಸುಬು ಮಾಡಿಕೊಂಡ ಟೆಕ್ನಿಷಿಯನ್ನಿಗೆ ಕಚೇರಿಯವರು ಇಟ್ಟ ಹೆಸರು ಅದು. “ಇವತ್ತಿಗೆ ಹನ್ನೊಂದು ದಿನ.”

ಫೋನು ಹಿಡಿದ ಇಂಜಿನಿಯರ್ ಜನನ ಮರಣ ನೋಂದಣಿ ಕಚೇರಿಯ ತಾರಸಿಯಲ್ಲಿ ನಿಂತಿದ್ದ. ಎದುರಿನ ಕಂಬದಲ್ಲಿ ಎರಡು ವರ್ಷದ ಹಿಂದೆ ಅವನೇ ಬಿಗಿದ ರೇಡಿಯೋ, ಊಟದ ತಟ್ಟೆಯಷ್ಟು ಅಗಲದ್ದು. ಒಂದೂವರೆ ಕಿಲೋಮೀಟರ್ ಆಚೆ ದಾಖಲೆ ಭವನದ ತಾರಸಿಯಲ್ಲಿ, ಏಣಿ ನಿಂತಿರುವಲ್ಲಿ, ಅದರ ಜೋಡಿ. ಹುಟ್ಟಿದವರ, ಸತ್ತವರ ಹೆಸರು ಇಲ್ಲಿಂದ ಗಾಳಿಯಲ್ಲಿ ಅಲ್ಲಿಗೆ ಹೋಗಿ, ಅಲ್ಲಿಂದ ಒಂದು ಸಂಖ್ಯೆ ತಿರುಗಿ ಬಂದರೆ ಹುಟ್ಟಿದವರು ಹುಟ್ಟಿದ ಹಾಗೆ, ಸತ್ತವರು ಸತ್ತ ಹಾಗೆ. ಬಾರದಿದ್ದರೆ ಇಲ್ಲ. ಕೆಳಗಿನ ಸಾಲಿನಲ್ಲಿ ಒಬ್ಬ ಮುದುಕಿ ವಿಧವೆಯಾಗಲು ಹನ್ನೊಂದು ದಿನದಿಂದ ಕಾಯುತ್ತಿದ್ದಳು.

ಬೆಳಿಗ್ಗೆ ಹತ್ತಕ್ಕೆ ಸಾಯುವ ಸಂಪರ್ಕ, ಸಂಜೆ ಕಚೇರಿ ಮುಚ್ಚಿದ ಮೇಲೆ ತಾನಾಗಿ ಬದುಕಿಕೊಳ್ಳುತ್ತಿತ್ತು. ಕೆಲಸದ ವೇಳೆಯಲ್ಲಿ ಕೆಲಸ ಮಾಡಬಾರದೆಂದು ಅದಕ್ಕೆ ಯಾರು ಹೇಳಿಕೊಟ್ಟರೋ ಎಂದು ಗುಮಾಸ್ತರು ನಗುತ್ತಿದ್ದರು.

ಕಣ್ಣು ಹಾಯಿಸಿದಲ್ಲೆಲ್ಲ ತಾರಸಿಗಳು, ತಾರಸಿಗಳ ಮೇಲೆ ಕಂಬಗಳು, ಕಂಬಗಳ ಮೇಲೆ ಅವರಿವರ ರೇಡಿಯೋಗಳು. ಸಂತೆಯಲ್ಲಿ ಒಬ್ಬ ದನಿ ಏರಿಸಿದರೆ ಪಕ್ಕದವನೂ ಏರಿಸಲೇಬೇಕಲ್ಲ, ಹಾಗೆ ಎಲ್ಲವೂ ಕೂಗುತ್ತಿದ್ದವು. ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಅದಕ್ಕೇ ಅವನು ಈ ಬಗೆಯ ರೇಡಿಯೋ ಆರಿಸಿದ್ದು. ಇದು ಅಕ್ಕಪಕ್ಕ ನೋಡದು, ಅಕ್ಕಪಕ್ಕದವರ ಮಾತು ಕೇಳದು. ಮೂಗಿನ ನೇರಕ್ಕೆ ಒಂದೇ ಗೆರೆ. ಇಬ್ಬರ ನಡುವೆ ಏನೂ ಇರಬಾರದು, ಅಷ್ಟೇ ಷರತ್ತು. ಈ ಗುಣವನ್ನು ಒಮ್ಮೆ ಹೆಂಡತಿಗೆ ಹೆಮ್ಮೆಯಿಂದ ವರ್ಣಿಸಿದ್ದ. “ಗೊತ್ತು, ಅಂಥವರ ಜೊತೆ ಹನ್ನೆರಡು ವರ್ಷದಿಂದ ಇದೀನಿ,” ಎಂದಿದ್ದಳು ಅವಳು.

ಸಾಹೇಬರ ಫೋನು ಬಂತು.

“ಕಾರಣ ಏನು ಅಂತ ಐದು ಗಂಟೆ ಒಳಗೆ ಬರೆದುಕೊಡಿ. ಮತ್ತೆ ಆವತ್ತು ದಾರಿ ಸರ್ವೆ ಮಾಡಿ ಸಹಿ ಹಾಕಿದ್ದು ಯಾರು?”

“ಫೈಲು ನೋಡ್ಬೇಕು ಸಾರ್.”

“ನೋಡಿ. ನಿಮ್ಮ ಕೈಲೇ ಇರತ್ತಲ್ಲ ಫೈಲು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯವನಲ್ಲ ತಾನು ಎಂದು ಅವನು ನಂಬಿದ್ದ. ಆದರೂ ಜೇಬಿನ ಪೆನ್ನನ್ನು ಒಮ್ಮೆ ಮುಟ್ಟಿಕೊಂಡ.

ದುರ್ಬೀನು ಹಿಡಿದು ಗೆರೆಯ ಉದ್ದಕ್ಕೂ ನೋಡಿದ. ನಡುದಾರಿಯಲ್ಲಿ ಒಂದು ಕಟ್ಟಡ ಏಳುತ್ತಿತ್ತು. ಇನ್ನೂ ಗೋಡೆಗಳಿಲ್ಲ, ಬರೀ ಕಂಬ ಮತ್ತು ಚಪ್ಪಡಿ. ಎಂಟು ತಿಂಗಳಿಂದ ಇವನ ಸಿಗ್ನಲ್ ಅದರ ಹೊಟ್ಟೆಯೊಳಗೆ ಹಾದು, ಯಾರ ಅಪ್ಪಣೆಯೂ ಇಲ್ಲದೆ, ಆಚೆ ಹೋಗುತ್ತಿತ್ತು. ಈಗ ಒಂದು ಮಹಡಿಯಲ್ಲಿ ಯಾರೋ ಸೆಂಟ್ರಿಂಗ್ ತಗಡುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಯಾವ ಮಹಡಿ? ಕೆಳಗಿನಿಂದ ಎಣಿಸಿದ. ಹನ್ನೊಂದು. ಇನ್ನೊಮ್ಮೆ ಎಣಿಸಿದ. ಎಣಿಸಿದಷ್ಟು ಸಲವೂ ಹನ್ನೊಂದೇ ಆಯಿತು.

ಅದು ಅವನ ಮನೆ.

ಎರಡು ವರ್ಷದ ಹಿಂದೆ ಅಲ್ಲಿ ಖಾಲಿ ಮೈದಾನವಿತ್ತು. ‘ಮುಂದಿನ ಐದು ವರ್ಷ ದಾರಿ ಖಾಲಿ’ ಎಂದು ಬರೆದು ಅವನು ಸಹಿ ಹಾಕಿದ್ದ. ಅದೇ ದಿನ, ಅದೇ ಚೀಲದಲ್ಲಿ, ಅದೇ ಮೈದಾನದಲ್ಲಿ ಏಳಲಿದ್ದ ಹದಿನೆಂಟು ಮಹಡಿಯ ಬಣ್ಣದ ನಕ್ಷೆಯಿತ್ತು. ಹಿಂದಿನ ಸಂಜೆ ಗಂಡಹೆಂಡತಿ ಇಬ್ಬರೂ ಹೋಗಿ ಹನ್ನೊಂದನೆಯ ಮಹಡಿಯ ಮನೆ ಗೊತ್ತುಮಾಡಿ ಬಂದಿದ್ದರು. ಎರಡು ಕಾಗದ ಒಂದೇ ಚೀಲದಲ್ಲಿ ಒಂದಕ್ಕೊಂದು ಅಂಟಿಕೊಂಡು ಓಡಾಡಿದ್ದವು. ಅವನ ತಲೆಯಲ್ಲಿ ಮಾತ್ರ ಒಂದು ಇನ್ನೊಂದನ್ನು ಎಂದೂ ಭೇಟಿಯಾಗಿರಲಿಲ್ಲ.

ಅವನಿಗೆ ನಗು ಬರಬೇಕಿತ್ತು. ಬಂದದ್ದು ಬೆಳಿಗ್ಗೆಯ ನೆನಪು.

ಹೆಂಡತಿ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಪ್ರಶ್ನೆ ಚಿಕ್ಕದಾಗಿ ಕೇಳುವುದು ಅಭ್ಯಾಸ. ಆರು ತಿಂಗಳಿಂದ ಬೇರೆ ಕೋಣೆಯಲ್ಲಿ ಮಲಗುತ್ತಿದ್ದಳು. ಅವನ ಗೊರಕೆ ಕಾರಣ ಎಂದು ಇಬ್ಬರೂ ಒಪ್ಪಿಕೊಂಡಿದ್ದರು. ಅವನು ಗೊರಕೆ ಹೊಡೆಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

“ಮೇಸ್ತ್ರಿ ಕೇಳ್ತಿದ್ದಾರೆ,” ಎಂದಿದ್ದಳು ಅವಳು, ಚಪ್ಪಲಿ ಮೆಟ್ಟುತ್ತ. “ಹೊಸ ಮನೆಯ ಆ ಎರಡು ಕೋಣೆ ಮಧ್ಯದ ಗೋಡೆ ಕಟ್ಟಲಾ ಬಿಡಲಾ ಅಂತ. ಬಿಟ್ರೆ ಒಂದೇ ದೊಡ್ಡ ಕೋಣೆ.”

“ನಿಂಗೆ ಹೇಗೆ ಅನುಕೂಲವೋ ಹಾಗೆ.”

“ನಾನು ನಿಮ್ಮನ್ನ ಕೇಳಿದ್ದು.”

“ಎರಡೂ ಒಳ್ಳೇದೇ. ಗಾಳಿ ಬೆಳಕು ನೋಡಿದ್ರೆ ಒಂದು ಥರ, ಉಪಯೋಗ ನೋಡಿದ್ರೆ...”

“ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ಬೇಡಿ,” ಎಂದು ಅವಳು ಬಾಗಿಲು ತೆರೆದಿದ್ದಳು. “ನಾಲ್ಕು ಗಂಟೆಗೆ ಅಲ್ಲಿಗೆ ಬನ್ನಿ. ಗೋಡೆ ಬೇಕು ಅನ್ನಿ, ಬೇಡ ಅನ್ನಿ. ಏನೋ ಒಂದು ಅನ್ನಿ. ನೀವು ಏನೂ ಅನ್ನದೇ ಇದ್ರೆ ನಾನು ಕಟ್ಟಿಸಿಬಿಡ್ತೀನಿ. ಆಮೇಲೆ ಗೊರಕೆ ಕತೆ ಬೇಡ.”

ಅವಳು ಕೇಳುತ್ತಿದ್ದುದು ಗೋಡೆಯ ಬಗ್ಗೆ ಅಲ್ಲ ಎಂದು ತಿಳಿಯದಷ್ಟು ದಡ್ಡನಲ್ಲ ಅವನು. ಹತ್ತಿರ ಇರಬೇಕೆಂದು ನಿಮಗೆ ಇನ್ನೂ ಅನ್ನಿಸುತ್ತದೆಯೇ ಎಂದು ಕೇಳುತ್ತಿದ್ದಳು. ಅನ್ನಿಸುತ್ತದೆಯೇ? ಅವನು ತನ್ನೊಳಗೆ ಹುಡುಕಿ ನೋಡಿದ್ದ. ಅಲ್ಲಿ ಯಾರೂ ಉತ್ತರ ಕೊಡಲಿಲ್ಲ.

ಮೂರೂವರೆಗೆ ಅವನು ಕಟ್ಟಡದ ಲಿಫ್ಟಿನಲ್ಲಿ ಇಟ್ಟಿಗೆಗಳ ಜೊತೆ ಮೇಲೇರಿದ. ಹನ್ನೊಂದನೆಯ ಮಹಡಿಯಲ್ಲಿ ಮೇಸ್ತ್ರಿ ಒಬ್ಬನೇ ಇದ್ದ. ದಿನಾ ಬೆಳಿಗ್ಗೆ ಬಿಸಿಲಿಗೆ ಮರೆಯಾಗಲೆಂದು ತಗಡುಗಳನ್ನು ಒರಗಿಸಿ, ಸಂಜೆ ಕೆಳಗಿಳಿಸುವುದು ತಾನೇ ಎಂದು ಸಂಕೋಚವಿಲ್ಲದೆ ಒಪ್ಪಿಕೊಂಡ. ಹನ್ನೊಂದು ದಿನ ಒಂದು ಊರಿನ ಜನನ ಮರಣವನ್ನು ನೆರಳಿಗಾಗಿ ತಡೆದು ನಿಲ್ಲಿಸಿದವನು, ಬೀಡಿ ಆರಿಸಿ, ತಗಡುಗಳನ್ನು ಪಕ್ಕಕ್ಕೆ ಎಳೆದ.

ಕೈ ಖಾಲಿ ಇರಲೆಂದು ಇಂಜಿನಿಯರ್ ಫೋನನ್ನು ಇಟ್ಟಿಗೆ ರಾಶಿಯ ಮೇಲಿಟ್ಟು ಸ್ಪೀಕರ್ ಹಾಕಿದ್ದ.

“ಬಂತು ಸಾರ್!” ಏಣಿ ಕೂಗಿದ. “ಐವತ್ತೆಂಟು!”

ಸಿಗ್ನಲ್ ಎಷ್ಟು ಸೊರಗಿದೆ ಎಂಬ ಲೆಕ್ಕದಲ್ಲಿ ಐವತ್ತೆಂಟು ಎಂದರೆ ಆರೋಗ್ಯ. ಎಂಬತ್ತು ದಾಟಿದರೆ ಹೆಣ. ಅವನು ನೆಮ್ಮದಿಯಾಗಿ ಎರಡೂ ಕಡೆ ನೋಡಿದ. ಈ ಕಡೆಯ ಕೋಣೆಯ ದೊಡ್ಡ ಕಿಟಕಿಯ ಜಾಗದಿಂದ ನೋಂದಣಿ ಕಚೇರಿ ಕಾಣುತ್ತಿತ್ತು, ಆ ಕಡೆಯ ಕಿಟಕಿಯಿಂದ ದಾಖಲೆ ಭವನ. ಗೆರೆ ನೇರವಾಗಿ ಒಂದು ಕೋಣೆಯಿಂದ ಇನ್ನೊಂದಕ್ಕೆ, ನಡುಗೋಡೆಯ ಜಾಗವನ್ನು ದಾಟಿ ಹಾದುಹೋಗುತ್ತಿತ್ತು.

“ಕಿಟಕಿಗೆ ಗಾಜು ಬಂದ್ರೂ ಹೇಗೋ ನಡೀತದೆ ಸಾರ್. ಮಧ್ಯೆ ಗೋಡೆ ಎದ್ರೆ ಕತೆ ಮುಗೀತು. ಆ ಮನೆಯವರನ್ನ ಹೇಗಾದ್ರೂ ಒಪ್ಪಿಸಿ,” ಎಂದ ಏಣಿ, ಅದು ಯಾರ ಮನೆಯೆಂದು ತಿಳಿಯದೆ.

“ಒಪ್ಪಿಸ್ತೀನಿ. ನೀನು ನಂಬರ್ ನೋಡ್ತಾ ಇರು.”

ಹೆಂಡತಿ ನಾಲ್ಕಕ್ಕೆ ಸರಿಯಾಗಿ ಬಂದಳು. ಸೀರೆಯ ಅಂಚಿಗೆ ಸೀಮೆಸುಣ್ಣದ ಪುಡಿ. ಅವನು ತನಗಿಂತ ಮೊದಲೇ ಬಂದಿರುವುದನ್ನು ಕಂಡು ಒಂದು ಗಳಿಗೆ ನಿಂತಳು.

“ಬಂದಿದೀರಾ.”

“ಹ್ಞೂಂ.”

“ಹೇಳಿ ಮತ್ತೆ.”

“ಗೋಡೆ ಬೇಡ,” ಎಂದ ಅವನು.

ಹನ್ನೆರಡು ವರ್ಷದಲ್ಲಿ ಅವನು ಅವಳಿಗೆ ಕೊಟ್ಟ ಅತ್ಯಂತ ಸ್ಪಷ್ಟವಾದ ಉತ್ತರ ಅದು. ಅವಳು ನಂಬಲಿಲ್ಲ.

“ಯೋಚನೆ ಮಾಡಿ ಹೇಳ್ತಿದೀರಾ?”

“ಬೇಡವೇ ಬೇಡ. ಖಂಡಿತ ಬೇಡ.”

ಅವಳ ಮುಖದಲ್ಲಿ ಏನೋ ಸಡಿಲವಾಯಿತು. ಕಣ್ಣು ತುಂಬಿತು, ಮೇಸ್ತ್ರಿಗೆ ಕಾಣದಿರಲೆಂದು ಕಿಟಕಿಯ ಕಡೆ ತಿರುಗಿದಳು. “ನಾನು ಬೇರೆ ಏನೇನೋ ಅಂದ್ಕೊಂಡಿದ್ದೆ,” ಎಂದಳು ಮೆಲ್ಲಗೆ. “ನನ್ನ ಮೇಜು ಈ ಮೂಲೇಲಿ ಇಟ್ಕೋತೀನಿ. ನೀವು ಫೋನಲ್ಲಿ ಎಷ್ಟು ಕೂಗಾಡಿದ್ರೂ ಪರವಾಗಿಲ್ಲ.” ಅವನಿಗೂ ಸಂತೋಷವಾಯಿತು. ನಿಜವಾಗಿ ಆಯಿತು. ಇದೇ ಮಾತನ್ನು ಮನಸ್ಸಿನಿಂದಲೇ ಹೇಳಿದ್ದರೂ ಇದಕ್ಕಿಂತ ಬೇರೆ ಏನಾಗುತ್ತಿತ್ತು ಎಂದುಕೊಂಡ. ಅವಳ ಭುಜ ಮುಟ್ಟಲು ಕೈ ಎತ್ತಿದ.

“ಸಾರ್,” ಎಂದಿತು ಇಟ್ಟಿಗೆ ರಾಶಿ. “ಮನೆಯವರು ಒಪ್ಪಿದ್ರಾ? ಗೋಡೆ ಬೇಡ ಅಂದ್ರಾ?”

ಎತ್ತಿದ ಕೈಯನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಅವಳು ತಿರುಗಿದಳು.

“ಯಾರು ಅದು?”

ಅವನು ವಿವರಿಸಿದ. ತುಂಬ ಚೆನ್ನಾಗಿ ವಿವರಿಸಿದ. ಎರಡೂ ತಾರಸಿ ತೋರಿಸಿದ, ಗೆರೆಯನ್ನು ಗಾಳಿಯಲ್ಲಿ ಬರೆದ, ಊರೆಲ್ಲ ಕೂಗುತ್ತಿರುವಾಗ ಇವೆರಡು ಮಾತ್ರ ಹೇಗೆ ಒಂದರ ಮಾತನ್ನೊಂದು ಕೇಳಿಸಿಕೊಳ್ಳುತ್ತವೆ ಎಂದು ಹೇಳುವಾಗ ಅವನ ದನಿ ತುಂಬಿ ಬಂತು. ಅವಳು ತಪ್ಪು ಲೆಕ್ಕ ಮಾಡಿದ ವಿದ್ಯಾರ್ಥಿಯನ್ನು ಕೊನೆಯ ಹೆಜ್ಜೆಯವರೆಗೂ ಬಿಟ್ಟುನೋಡುವಂತೆ ಕೇಳಿದಳು.

“ಅಂದ್ರೆ ಗೋಡೆ ಬೇಡ ಅಂದಿದ್ದು ಇದಕ್ಕೆ.”

“ಇದಕ್ಕೂ.”

“ಇದಕ್ಕೂ ಅಂದ್ರೆ, ಇನ್ನೊಂದು ಯಾವುದಕ್ಕೆ?”

ಒಂದು ಮಾತು ಸಾಕಿತ್ತು. ಸುಳ್ಳಾದರೂ ನಡೆಯುತ್ತಿತ್ತು. ಅವನು ಬಾಯಿ ತೆರೆದ.

“ಐವತ್ತೆಂಟು,” ಎಂದ ಏಣಿ.

ಅವಳು ಫೋನಿನ ಕಡೆ ಒಮ್ಮೆ ನೋಡಿದಳು. ಆಮೇಲೆ, “ಎಲ್ಲಿ ಹೋಗತ್ತೆ ಅಂದ್ರಿ? ಇಲ್ಲಾ?” ಎಂದು ಎರಡು ಕೋಣೆಗಳ ನಡುವೆ ಹೋಗಿ, ಅವನು ತೋರಿಸಿದ ಗೆರೆಗೆ ಎದೆಕೊಟ್ಟು ನಿಂತಳು. “ಕೇಳಿ ಅವರನ್ನ, ಏನಾದ್ರೂ ವ್ಯತ್ಯಾಸ ಆಯ್ತಾ ಅಂತ.”

ಅವನು ಕೇಳಿದ.

“ಇಲ್ಲ ಸಾರ್, ಹಾಗೇ ಇದೆ. ಯಾಕೆ?”

“ಒಬ್ಬರು ನಿಂತ್ರೆ ಏನೂ ಆಗಲ್ಲ,” ಎಂದು ಅವನು ಅವಳಿಗೆ ಸಮಾಧಾನದ ದನಿಯಲ್ಲಿ ಹೇಳಿದ. “ಗೆರೆ ಅಂದ್ರೂ ಅಲ್ಲಿ ಅದು ಆಳುದ್ದ ದಪ್ಪ ಇರತ್ತೆ. ಸುತ್ತಿಕೊಂಡು ಹೋಗತ್ತೆ.”

“ನೀವು ನಿಲ್ಲಿ.”

ಅವಳು ಸರಿದಳು. ಅವನು ಹೋಗಿ ಅವಳು ನಿಂತಿದ್ದಲ್ಲೇ ನಿಂತ. ಏಣಿಯನ್ನು ಈ ಸಲ ಅವಳೇ ಕೇಳಿದಳು. ಅಪರಿಚಿತ ಹೆಣ್ಣುದನಿಗೆ ಏಣಿ ಮರ್ಯಾದೆಯಿಂದ ಉತ್ತರಿಸಿದ: “ಏನೂ ಇಲ್ಲ ಮೇಡಂ. ದಾರಿ ಪೂರ್ತಿ ಖಾಲಿ ಇದೆ.”

ಅವಳು ತಲೆಯಾಡಿಸಿದಳು. ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು. “ಕಟ್ಟಿ ಮೇಸ್ತ್ರಿ,” ಎಂದು ಹೇಳಿ ಲಿಫ್ಟಿನ ಕಡೆ ನಡೆದಳು.

ಓಡಿಹೋಗಿ ತಡೆಯಬೇಕು ಎಂದು ಅವನಿಗೆ ಅನ್ನಿಸಿತು. ತಡೆದು ಏನು ಹೇಳುವುದು ಎಂದೂ ಅನ್ನಿಸಿತು. ಕಟ್ಟಬೇಡ ಎಂದು ಮೇಸ್ತ್ರಿಗೆ ಹೇಳಬಹುದಿತ್ತು. ಅದನ್ನು ಯಾವ ಕಾರಣಕ್ಕೆ ಹೇಳುತ್ತಿದ್ದೇನೆಂದು ಈಗ ಅವನಿಗೇ ಗೊತ್ತಿರಲಿಲ್ಲ. ಲಿಫ್ಟಿನ ಬಾಗಿಲು ಎಳೆದ ಸದ್ದಾಯಿತು. ಎದೆಯಲ್ಲಿ ನೋವು ಕಾಣಿಸಿಕೊಂಡಿತು, ಅದೂ ಎಲ್ಲೋ ದೂರದಲ್ಲಿ, ಬೇರೆ ಯಾರದೋ ಎನ್ನುವಷ್ಟು ಸಣ್ಣಗೆ.

ಮೇಸ್ತ್ರಿ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ನೂಲು ಕಟ್ಟಿದ. ನೂಲು ಅವನ ಮೊಣಕಾಲಿಗೆ ತಾಗಿ ಬಾಗಿತು. ಮೇಸ್ತ್ರಿ ಕರಣೆಯಿಂದ ಗಾರೆ ಹರಡುತ್ತ ಹರಡುತ್ತ ಅವನ ಬೂಟಿನವರೆಗೆ ಬಂದು ನಿಂತ.

“ಸಾರ್, ನೀವು ಈ ಕಡೆನೋ, ಆ ಕಡೆನೋ?”

ಅವನು ಕೆಳಗೆ ನೋಡಿದ. ಒಂದು ಕಾಲು ಈ ಕೋಣೆಯಲ್ಲಿತ್ತು, ಇನ್ನೊಂದು ಆ ಕೋಣೆಯಲ್ಲಿ.

“ಸಾರ್?” ಎಂದ ಏಣಿ, ದೂರದಿಂದ. “ಸಾರ್, ಇದೀರಾ?”

ಬಿಸಿಲು ಇಳಿಯುತ್ತಿತ್ತು, ಗಾರೆ ಗಟ್ಟಿಯಾಗುತ್ತಿತ್ತು. ಮೇಸ್ತ್ರಿ ಬಗ್ಗಿ, ಅವನ ಎರಡು ಕಾಲುಗಳ ನಡುವೆ ಮೊದಲ ಇಟ್ಟಿಗೆ ಇಟ್ಟು, ಕರಣೆಯ ಹಿಡಿಯಿಂದ ಎರಡು ಸಲ ತಟ್ಟಿ ಕೂರಿಸಿದ.