ಒಂದೂ ವಾಪಸ್ ಬಂದಿಲ್ಲ

ಮೊದಲೇ ಹೇಳಿಬಿಡ್ತೀನಿ, ನನ್ನ ಕಣ್ಣಿಗೆ ಏನೂ ಆಗಿರಲಿಲ್ಲ. ಆಗಿದ್ದೆಲ್ಲ ಬೇರೆಯವರಿಗೆ. ಪೇಪರಿನವರು ಶಾಯಿ ಉಳಿಸೋಕೆ ಅಕ್ಷರ ಸಣ್ಣ ಮಾಡಿದ್ದರು. ಸೂಜಿ ಮಾಡೋರು ತೂತು ಕೊರೆಯೋದನ್ನೇ ಮರೆತಿದ್ದರು. ಮಾತ್ರೆ ಚೀಟಿ ಮೇಲೆ ಬರೆಯೋದನ್ನಂತೂ ಇರುವೆಗಳು ಓದಲಿ ಅಂತಲೇ ಬರೀತಿದ್ದರು. ನಾನು ಎಲ್ಲವನ್ನೂ ಕೈ ಚಾಚಿ, ದೂರ ಹಿಡಿದು ಓದ್ತಿದ್ದೆ. ಕೊನೆಕೊನೆಗೆ ನನ್ನ ಕೈಯೇ ಗಿಡ್ಡ ಆಗಿಬಿಡ್ತು. ಅದಕ್ಕೆ ಕಣ್ಣೇನು ಮಾಡುತ್ತೆ ಪಾಪ?

ನಮ್ಮ ಕಾರ್ಖಾನೆಯಲ್ಲಿ ಮಾಡೋದು ವಾಲ್ಯೂಮ್ ಕಂಟ್ರೋಲು. ನೀವು ಗುಂಡಿ ತಿರುಗಿಸ್ತೀರಿ, ಸದ್ದು ಏರುತ್ತೆ, ಇಳಿಯುತ್ತೆ. ಒಳಗೆ ಏನಾಗುತ್ತೆ ಅಂತ ಯಾವತ್ತಾದರೂ ಯೋಚನೆ ಮಾಡಿದ್ದೀರಾ? ಇಲ್ಲ. ಅದಕ್ಕೆ ನಾನಿದ್ದೀನಿ. ಒಳಗೆ ಹೆಬ್ಬೆರಳಿನ ಉಗುರಿನಷ್ಟು ಒಂದು ಕಂದು ಡಬ್ಬಿ. ಅದರ ತಳದಲ್ಲಿ ಲಾಳದ ಆಕಾರದ ಕಪ್ಪು ಪಟ್ಟಿ. ಕರೆಂಟು ಆ ಪಟ್ಟಿ ಮೇಲೆ ಎಷ್ಟು ದೂರ ನಡೆಯುತ್ತೋ ಅಷ್ಟು ಸುಸ್ತಾಗುತ್ತೆ, ಸದ್ದೂ ಅಷ್ಟು ಕಮ್ಮಿಯಾಗುತ್ತೆ. ‘ಇಲ್ಲೇ ಇಳಿ’ ಅಂತ ಕರೆಂಟಿಗೆ ಹೇಳೋದು ಒಂದು ಸ್ಪ್ರಿಂಗು. ಸುರುಳಿ ಸ್ಪ್ರಿಂಗಲ್ಲ, ಮೂರೇ ಹಲ್ಲಿರೋ ಬಾಚಣಿಗೆಯಂಥ ತಗಡಿನ ಚೂರು. ಅದನ್ನ ಚಿಮಟದಲ್ಲಿ ಎತ್ತಿ, ತಿರುಗೋ ಬಿಲ್ಲೆಯ ಎರಡು ಮೊಳೆಗೆ ಕೂರಿಸಿ, ‘ಟಿಕ್’ ಅನ್ನೋ ತನಕ ಒತ್ತಿ, ಹಲ್ಲುಗಳನ್ನ ಒಂದು ಕೂದಲಿನಷ್ಟು ಕೆಳಗೆ ಬಾಗಿಸಬೇಕು. ಜಾಸ್ತಿ ಬಾಗಿದರೆ ಪಟ್ಟಿಯನ್ನ ಕೆರೆದು ಹಾಕುತ್ತೆ. ಕಮ್ಮಿ ಬಾಗಿದರೆ ನಿಮ್ಮ ಸ್ಪೀಕರು ಕರಕರ ಅನ್ನುತ್ತೆ, ನೀವು ಅದರ ತಲೆ ಮೇಲೆ ಒಂದು ಬಿಡ್ತೀರಿ.

ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ, ಅದೇ ಸ್ಟೂಲು. ನನ್ನನ್ನ ಎಲ್ಲರೂ ಚಿಮಟಕ್ಕ ಅಂತಾರೆ. ಹೊಸಬರಿಗೆ ಮೇಜಿಗೆ ಸಿಕ್ಕಿಸೋ ಭೂತಗನ್ನಡಿ ಕೊಡ್ತಾರೆ. ನಾನು ಸೇರಿದ ಮೂರನೇ ದಿನಕ್ಕೇ ಅದನ್ನ ಕಳಚಿ ಮೇಸ್ತ್ರಿ ಕೈಗೆ ಕೊಟ್ಟು, “ಇದು ಕಣ್ಣಿಲ್ಲದವರಿಗೆ ಇಟ್ಕೊಳ್ಳಿ” ಅಂದಿದ್ದೆ. ಇಡೀ ಸಾಲೇ ಕೇಳಿಸಿಕೊಂಡಿತ್ತು. ಹಾಗಂದವಳು ಈಗ ಹೋಗಿ, “ಸ್ವಾಮಿ, ಅದನ್ನ ಕೊಡಿ” ಅಂತ ಹೇಗೆ ಕೇಳಲಿ? ಉಗುಳಿದ್ದನ್ನ ನುಂಗೋಕಾಗುತ್ತಾ?

ಅದಕ್ಕೇ ತುಟಿ. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಹಲ್ಲುಗಳು ಮೂರೋ ಆರೋ ಅಂತ ಅನುಮಾನ ಬಂತು. ಸುಮ್ಮನೆ ಸ್ಪ್ರಿಂಗನ್ನ ಕೆಳದುಟಿಗೆ ತಾಗಿಸಿ ನೋಡಿದೆ. ಅಬ್ಬಾ, ಒಂದೊಂದು ಹಲ್ಲೂ ಬೇರೆಬೇರೆ ಗೊತ್ತಾಯ್ತು. ಅವತ್ತಿಂದ ಎತ್ತು, ಕೂರಿಸು, ಒತ್ತು, ಬಾಗಿಸು, ತುಟಿಗೆ ತಾಗಿಸು, ಡಬ್ಬಿಗೆ ಇಳಿಸು, ಮುಂದಕ್ಕೆ ತಳ್ಳು. ಸಾಲಿನವರು ನೋಡ್ತಾರೆ, ಬಿಡ್ತಾರಾ? “ಚಿಮಟಕ್ಕ, ಮನೇಲಿ ಯಜಮಾನರಿಗೂ ದಿನಾ ಇಷ್ಟು ಮುತ್ತು ಸಿಗುತ್ತಾ?” ಅಂದರು. “ಅವರಿಗೂ ಮೂರೇ ಹಲ್ಲು ಉಳಿಯಲಿ, ಆಮೇಲೆ ನೋಡೋಣ” ಅಂದೆ. ಅದೇನೋ ನನ್ನ ಅಭ್ಯಾಸ ಅಂತ ಎಲ್ಲರೂ ನಂಬಿದರು. ನಾನು ಹಾಗಂದುಕೊಂಡೆ.

ನನಗೆ ಭಯ ಇದ್ದದ್ದು ಒಬ್ಬಳದೇ, ನನ್ನ ನಾದಿನಿಯದು. ಯಜಮಾನರ ತಂಗಿ. ಮದುವೆ ಬೇಡ ಅಂದವಳು, ನಮ್ಮ ಜೊತೇಲೇ ಇದ್ದಾಳೆ. ಮನೇಲಿ ಒಂದೇ ಒಲೆ, ಕಾರ್ಖಾನೇಲಿ ಪಕ್ಕದ ಮೇಜು. ನಾನು ಕೂರಿಸಿದ ಸ್ಪ್ರಿಂಗನ್ನ ಮೀಟರಿಗೆ ಹಚ್ಚಿ ಪರೀಕ್ಷೆ ಮಾಡೋದು ಅವಳ ಕೆಲಸ. ಹೆಸರೇ ಮೀಟರಮ್ಮ. ಉಪ್ಪು ಒಂದು ಹರಳು ಹೆಚ್ಚಾದರೂ ಅವಳ ಮುಖದ ಮುಳ್ಳು ಆ ಕಡೆಗೆ ಹೋಗಿ ನಿಲ್ಲುತ್ತೆ. ಮೊದಲೆಲ್ಲ ನನ್ನ ಮಾಲಲ್ಲಿ ದಿನಕ್ಕೆ ಒಂದೋ ಎರಡೋ ವಾಪಸ್ ಎಸೀತಿದ್ದಳು. “ಅತ್ತಿಗೆ, ವಾಪಸ್!” ಅಂತ ಇಡೀ ಶೆಡ್ಡಿಗೆ ಕೇಳೋ ಹಾಗೆ ಕೂಗೋದು ಬೇರೆ. ನಾನು ಮೀಟರು ಕೆಟ್ಟಿದೆ ಅಂತಿದ್ದೆ. ಅವಳು, “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಅಂತಿದ್ದಳು.

ನಮ್ಮಲ್ಲಿ ನಿಯಮ ಏನಂದರೆ, ಒಂದು ದಿನಕ್ಕೆ ಮೂರಕ್ಕಿಂತ ಜಾಸ್ತಿ ವಾಪಸ್ ಬಂದರೆ ಮೇಸ್ತ್ರಿ ಪುಸ್ತಕದಲ್ಲಿ ಬರೀತಾರೆ. ಹಾಗೆ ಹತ್ತು ದಿನ ಬರೆಸಿಕೊಂಡವಳು ಪ್ಯಾಕಿಂಗಿಗೆ. ಇನ್ನೊಬ್ಬರು ಕೂರಿಸಿದ್ದನ್ನ ಯಾರಾದರೂ ತಾವೇ ತಿದ್ದಿದರೆ, ಡಬ್ಬಿಯ ಪಕ್ಕೆಗೆ ತಮ್ಮ ಬಣ್ಣದ ಒಂದು ಚುಕ್ಕೆ ಇಡಬೇಕು. ಮೀಟರಮ್ಮನದು ಕೆಂಪು. ಆದರೆ ಅವಳೆಲ್ಲಿ ತಿದ್ದುತ್ತಾಳೆ, ಎಸೆಯೋದೇ ಅವಳಿಗೆ ಖುಷಿ.

ಆದರೆ ಕೇಳಿ, ತುಟಿ ವಿದ್ಯೆ ಶುರುವಾದ ಮೇಲೆ ಒಂದೂ ವಾಪಸ್ ಬಂದಿಲ್ಲ! ಮೂರು ವರ್ಷ, ಒಂದೇ ಒಂದು ಕೂಡ. ಅವಳು ಪರೀಕ್ಷೆ ಮಾಡಿದ ಟ್ರೇ ಸಂಜೆ ನನ್ನ ಹತ್ತಿರ ಬರೋದು, ನಾನು ಬೆರಳಲ್ಲೇ ಮುಚ್ಚಳ ಒತ್ತಿ ಚೀಟಿಗೆ ಸಹಿ ಹಾಕೋದು. ದಿನಾ ಬಸ್ಸಲ್ಲಿ ಅವಳ ಪಕ್ಕ ಕೂತು ಹೇಳ್ತಿದ್ದೆ, “ಇವತ್ತೂ ಒಂದೂ ವಾಪಸ್ ಬಂದಿಲ್ಲ ನೋಡು. ನಿನ್ನ ಮೀಟರಿಗೆ ಕೆಲಸವೇ ಇಲ್ಲ.” ಅವಳು ಕಿಟಕಿ ಕಡೆ ಮುಖ ಮಾಡಿ ಕೂರ್ತಿದ್ದಳು. ಹೊಟ್ಟೆಕಿಚ್ಚು ಅಂತ ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

ಹೀಗಿರುವಾಗ ಬೋರ್ಡಿಗೆ ನೋಟಿಸ್ ಅಂಟಿಸಿದರು. ಮೇಲೆ ದಪ್ಪ ಅಕ್ಷರದಲ್ಲಿ ‘ಕಣ್ಣಿನ ಪರೀಕ್ಷೆ’. ನಡುವೆ ದಪ್ಪ ಅಕ್ಷರದಲ್ಲಿ ‘ಪ್ಯಾಕಿಂಗ್ ವಿಭಾಗಕ್ಕೆ ಕಳಿಸಲಾಗುವುದು’. ಉಳಿದದ್ದೆಲ್ಲ ಸಣ್ಣಕ್ಷರ, ಹತ್ತಿರ ಹೋದರೆ ಮಸುಕು, ಹಿಂದೆ ಸರಿದರೆ ಇರುವೆ ಸಾಲು. ಓದೋಕೆ ಇನ್ನೇನಿದೆ? ದಪ್ಪದ್ದು ಎರಡು ಸೇರಿಸಿದರೆ ಅರ್ಥ ಆಗಲ್ವಾ? ಕಣ್ಣು ಕಾಣದವರೆಲ್ಲ ಪ್ಯಾಕಿಂಗಿಗೆ. ಪ್ಯಾಕಿಂಗ್ ಕೆಟ್ಟ ಜಾಗ ಅಲ್ಲ, ಅಲ್ಲೂ ಒಳ್ಳೆಯವರಿದ್ದಾರೆ. ಆದರೆ ಪೆಟ್ಟಿಗೆಗೆ ಟೇಪು ಸುತ್ತೋಕೆ ಯಾರಾದರೂ ಆಗುತ್ತೆ. ಸ್ಪ್ರಿಂಗ್ ಕೂರಿಸೋಕೆ ನಾನೇ ಆಗಬೇಕು. ಈ ಭೂಮಿ ಮೇಲೆ ನನಗೆ ಚೆನ್ನಾಗಿ ಬರೋ ಕೆಲಸ ಅದೊಂದೇ. ಅಡುಗೆಯಂತೂ ಅಲ್ಲ, ಮನೇಲಿ ಯಾರನ್ನ ಬೇಕಾದರೂ ಕೇಳಿ.

ಪರೀಕ್ಷೆ ಮಾಡೋಕೆ ಬರ್ತಿದ್ದವನು ನಮ್ಮ ಬೀದಿ ಕೊನೆಯ ಕನ್ನಡಕದ ಅಂಗಡಿಯವನೇ, ಯಜಮಾನರ ಸ್ನೇಹಿತ. ಅವನ ಹತ್ತಿರ ಕೈಯಲ್ಲಿ ಹಿಡಿದು ಓದಿಸೋ ಕಾರ್ಡು ಇರುತ್ತೆ, ಮೇಲಿನ ಸಾಲು ದಪ್ಪ, ಕೆಳಗೆ ಬರ್ತಾ ಬರ್ತಾ ಸಣ್ಣ. ಯಜಮಾನರಿಗೆ ಗಂಟುಬಿದ್ದೆ. “ನಿಮ್ಮ ಕಣ್ಣಿಗೆ ಅಂತ ಹೇಳಿ ಒಂದು ದಿನಕ್ಕೆ ಇಸ್ಕೊಂಡು ಬನ್ನಿ.” ಪಾಪ, ಹೇಳಿದ ಹಾಗೆ ತಂದರು. ನನಗೆ ಅದನ್ನ ಓದೋಕೆ ಬರಲ್ಲವಲ್ಲ, ಅವರೇ ಓದಬೇಕು, ನಾನು ಬಾಯಿಪಾಠ ಮಾಡಬೇಕು.

“ಕೊಳದ ದಂಡೆಯಲ್ಲಿ ಒಂದು ಮುದಿ ಆಮೆ ಇತ್ತು,” ಅಂತ ಯಜಮಾನರು ಶುರು ಮಾಡಿದರು. “ಒಂದು ದಿನ ಅದು ಬಿಸಿಲು ಕಾಯಿಸಲು ಬಂಡೆ ಹತ್ತಿತು. ಬಂಡೆ ಸುಡುತ್ತಿತ್ತು. ಆದರೂ ಆಮೆ ಇಳಿಯಲಿಲ್ಲ.”

“ಕೆರೆಯ ದಂಡೆಯಲ್ಲಿ ಒಂದು ಮುದಿ ಆಮೆ...”

“ಕೆರೆ ಅಲ್ಲ ಅತ್ತಿಗೆ, ಕೊಳ,” ಅಂತ ಅಡುಗೆಮನೆಯಿಂದ ಧ್ವನಿ ಬಂತು.

ನಾನು ಹಾವು ತುಳಿದವಳ ಹಾಗೆ ಎದ್ದೆ. “ಪಕ್ಕದ ಮನೆ ಮಗುವಿಗೆ ಕಥೆ ಹೇಳೋಕೆ ಕಲೀತಿದ್ದೀನಿ. ನಿನಗ್ಯಾಕೆ?”

“ನನಗೇನಿಲ್ಲ. ಮಗುವಿಗೆ ಸರಿಯಾಗಿ ಹೇಳಿ ಅಂದೆ ಅಷ್ಟೇ,” ಅಂತ ಅವಳು ತಟ್ಟೆ ತೊಳೆಯೋದನ್ನ ಮುಂದುವರಿಸಿದಳು.

ಪರೀಕ್ಷೆ ದಿನ ಬಂತು. ಮೇಸ್ತ್ರಿ ಕೋಣೆಯಲ್ಲಿ ಮೇಜು, ಎರಡು ಕುರ್ಚಿ. ಬಾಗಿಲು ತೆರೆದೇ ಇತ್ತು. ಹೊರಗೆ ನಮ್ಮ ಸಾಲಿನವರೆಲ್ಲ ಕ್ಯೂ ನಿಂತಿದ್ದರು, ನನ್ನ ಬೆನ್ನ ಹಿಂದೆಯೇ ಮೀಟರಮ್ಮ. ಕನ್ನಡಕದವನು ಚೀಲದೊಳಗೆ ತಲೆ ಹಾಕಿ ಏನೋ ಹುಡುಕುತ್ತಾ, ಒಂದು ಕೈಯಿಂದ ನನಗೆ ಒಂದು ಬಿಳಿ ಕಾಗದ ಚಾಚಿದ. “ಇದನ್ನ ಓದಿಬಿಡಿ ಅಮ್ಮಾ,” ಅಂದ.

ಅಷ್ಟೇ ಸಾಕಾಯ್ತು. ಕಾಗದವನ್ನ ನೆಟ್ಟಗೆ ಹಿಡಿದೆ, ಮಕ್ಕಳು ಮಗ್ಗಿ ಹೇಳೋ ಹಾಗೆ ಬೆನ್ನು ನೇರ ಮಾಡಿದೆ. “ಕೊಳದ ದಂಡೆಯಲ್ಲಿ ಒಂದು ಮುದಿ ಆಮೆ ಇತ್ತು. ಒಂದು ದಿನ ಅದು ಬಿಸಿಲು ಕಾಯಿಸಲು ಬಂಡೆ ಹತ್ತಿತು.” ಸಣ್ಣಕ್ಷರದ ಸಾಲು ಬಂದಾಗ ಸ್ವಲ್ಪ ಕಷ್ಟಪಟ್ಟವಳ ಹಾಗೆ ಕಣ್ಣು ಕಿರಿದು ಮಾಡಿದೆ, ನಂಬಿಕೆ ಬರಲಿ ಅಂತ. “ಬಂಡೆ... ಸುಡುತ್ತಿತ್ತು. ಆದರೂ ಆಮೆ ಇಳಿಯಲಿಲ್ಲ.”

ಕನ್ನಡಕದವನು ಚೀಲದಿಂದ ತಲೆ ಎತ್ತಿದ. ನನ್ನನ್ನ ನೋಡಿದ, ಕಾಗದ ನೋಡಿದ.

“ಅಮ್ಮಾ, ಅದು ಒಪ್ಪಿಗೆ ಪತ್ರ. ಓದಿ ಸಹಿ ಹಾಕಿ ಅಂತ ಕೊಟ್ಟೆ. ಆಮೆ ಇರೋ ಕಾರ್ಡನ್ನ ಬೆಳಗ್ಗೆಯಿಂದ ಹುಡುಕ್ತಾ ಇದ್ದೀನಿ. ಈಗ ನೆನಪಾಯ್ತು. ನಿಮ್ಮ ಯಜಮಾನರು ತಗೊಂಡು ಹೋದವರು ಇನ್ನೂ ವಾಪಸ್ ಕೊಟ್ಟಿಲ್ಲ.”

ಬಾಗಿಲಲ್ಲಿ ನಿಂತಿದ್ದ ಇಡೀ ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಸ್ತ್ರಿ ಗೋಡೆ ಕಡೆ ತಿರುಗಿದರು, ಹೆಗಲು ಕುಣೀತಿತ್ತು. ಯಜಮಾನರನ್ನ ಮನಸ್ಸಲ್ಲೇ ಹುರಿದು ಮುಕ್ಕಿದೆ. ಒಂದು ಕಾರ್ಡು ವಾಪಸ್ ಕೊಡೋಕಾಗಲ್ವಾ ಆ ಮನುಷ್ಯನಿಗೆ! ಆಮೇಲೆ ಸಿಟ್ಟೂ ಇಳಿದು ಹೋಯ್ತು, ಅಳು ಬಂತು. ನಿಜವಾಗಿ ಅಳು ಬಂತು.

“ಟೇಪು ಎಲ್ಲಿದೆ ಹೇಳಿ,” ಅಂದೆ ಮೇಸ್ತ್ರಿಗೆ. “ಇವತ್ತಿಂದಲೇ ಪ್ಯಾಕಿಂಗಿಗೆ ಹೋಗ್ತೀನಿ. ಸ್ಟೂಲು ಯಾರಿಗೆ ಬೇಕೋ ಕೊಡಿ.”

“ಪ್ಯಾಕಿಂಗ್ ಯಾಕೆ ಚಿಮಟಕ್ಕ?” ಮೇಸ್ತ್ರಿ ಕಣ್ಣೊರೆಸಿಕೊಂಡರು. “ನೋಟಿಸ್ ಓದಲಿಲ್ವಾ? ‘ಕನ್ನಡಕ ಹಾಕಿಯೂ ಕಾಣದವರನ್ನು ಮಾತ್ರ’ ಅಂತ ಇದೆ. ಉಳಿದವರಿಗೆ ಕನ್ನಡಕ ಕೊಡೋಕೇ ಈ ಪರೀಕ್ಷೆ.”

“ಅದನ್ನ ಎಲ್ಲಿ ಬರೆದಿದ್ದೀರಿ?”

“ಸಣ್ಣಕ್ಷರದಲ್ಲಿ,” ಅಂದಳು ಮೀಟರಮ್ಮ ಬೆನ್ನ ಹಿಂದಿನಿಂದ.

ಕನ್ನಡಕದವನು ನನ್ನ ಮೂಗಿನ ಮೇಲೆ ಒಂದಾದ ಮೇಲೆ ಒಂದು ಕನ್ನಡಕ ಇಟ್ಟ. “ಚಾಳೀಸು ಅಮ್ಮಾ. ನಲವತ್ತು ದಾಟಿದ ಮೇಲೆ ಎಲ್ಲರಿಗೂ ಬರುತ್ತೆ. ನಿಮಗೆ ಬಂದು ಮೂರು ನಾಲ್ಕು ವರ್ಷ ಆಗಿರಬೇಕು,” ಅಂದ. ನಾಲ್ಕನೆಯದು ಸರಿಹೋಯ್ತು, ಅದನ್ನೇ ಕೊಟ್ಟು ಕಳಿಸಿದ. ಸ್ಟೂಲಿಗೆ ಬಂದು ಕೂತೆ. ಚಿಮಟದ ತುದಿ ಸವೆದಿತ್ತು. ನನ್ನ ಬೆರಳುಗಳು ನಮ್ಮಮ್ಮನ ಬೆರಳಾಗಿದ್ದವು. ಸ್ಪ್ರಿಂಗ್ ಎತ್ತಿ ನೋಡಿದೆ. ಮೂರು ಹಲ್ಲು, ತುದಿಯಲ್ಲಿ ಒಂದೊಂದು ಪುಟ್ಟ ಗುಂಡು ಬಾಗು, ಬೆಳಕಿಗೆ ಮಿಂಚುತ್ತಿತ್ತು. ಎಷ್ಟು ಚೆಂದ ಇತ್ತು ಅದು! ಮೂರು ವರ್ಷ ಇದನ್ನ ನೋಡದೇ ಕಳೆದೆನಲ್ಲ!

ಸಂಜೆ ಮೀಟರು ದಾಟಿದ ಟ್ರೇ ಬಂತು. ಕಣ್ಣಿನ ಪರೀಕ್ಷೆಗೆ ಮೊದಲು, ಬೆಳಗ್ಗೆ ತುಟಿಯಲ್ಲೇ ಕೂರಿಸಿದ್ದ ಮಾಲು. ಮುಚ್ಚಳ ಒತ್ತೋಕೆ ಮೊದಲ ಡಬ್ಬಿ ಎತ್ತಿದೆ. ಪಕ್ಕೆಯಲ್ಲಿ ಗಸಗಸೆಯಷ್ಟು ಒಂದು ಕೆಂಪು ಚುಕ್ಕೆ. ಕೊಳೆ ಇರಬೇಕು ಅಂತ ಉಗುರಲ್ಲಿ ಕೆರೆದೆ, ಹೋಗಲಿಲ್ಲ. ಎರಡನೆಯದಕ್ಕೆ ಇರಲಿಲ್ಲ. ಮೂರನೆಯದಕ್ಕೆ ಇತ್ತು, ನಾಲ್ಕನೆಯದಕ್ಕೂ ಇತ್ತು. ಇನ್ನೂರರಲ್ಲಿ ಎಪ್ಪತ್ತಮೂರಕ್ಕೆ ಚುಕ್ಕೆ. ಎದ್ದು ಪ್ಯಾಕಿಂಗಿಗೆ ಓಡಿದೆ, ಹೋದ ವಾರದ ಪೆಟ್ಟಿಗೆ ತೆಗೆಸಿದೆ. ಅಲ್ಲೂ ಚುಕ್ಕೆ. “ಯಾವತ್ತಿಂದ ಇದು?” ಅಂತ ಕೇಳಿದೆ. ಪ್ಯಾಕಿಂಗಿನವರು ಮುಖ ಮುಖ ನೋಡಿಕೊಂಡರು. “ಮೂರು ವರ್ಷ ಆಯ್ತಲ್ಲ ಚಿಮಟಕ್ಕ. ನಿಮಗೆ ಗೊತ್ತಿಲ್ವಾ?” ಅಂದಳು ಒಬ್ಬಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಕುಡಿದಿದ್ದೆ ನಾನು, ಇಡೀ ಕಾರ್ಖಾನೆಯ ಎದುರಿಗೆ.

ಅವಳ ಮೇಜಿನ ಮುಂದೆ ಹೋಗಿ ನಿಂತೆ. ಡಬ್ಬಿಯನ್ನ ಅವಳ ಮೂಗಿಗೆ ಹಿಡಿದೆ. “ಏನೇ ಇದು?”

“ಚುಕ್ಕೆ.”

“ಕಾಣುತ್ತೆ! ಎಸೆಯೋಕೇನಾಗಿತ್ತು? ಯಾಕೆ ತಿದ್ದಿದೆ?”

ಅವಳು ಮೀಟರಿನ ತಂತಿ ಸುತ್ತುತ್ತಾ ಹೇಳಿದಳು, “ಎಸೆದರೆ ಎಣಿಸ್ತಾರೆ. ಚುಕ್ಕೆಯನ್ನ ಯಾರೂ ಎಣಿಸಲ್ಲ. ನಿಯಮದಲ್ಲಿ ಇಲ್ಲ.”

“ನನಗೆ ಹೇಳಬಹುದಿತ್ತು.”

“ಹೇಳಿದ್ದರೆ ಕೇಳ್ತಿದ್ದಿರಾ? ಮೀಟರು ಕೆಟ್ಟಿದೆ ಅಂತಿದ್ದಿರಿ.” ತಂತಿಗೆ ಗಂಟು ಹಾಕಿದಳು. “ಚಳಿಗಾಲದಲ್ಲಂತೂ ನಿಮ್ಮ ತುಟಿ ಒಡೆದುಬಿಡುತ್ತೆ ಅತ್ತಿಗೆ. ಆಗ ನೂರರ ಮೇಲೆ ತಿದ್ದಬೇಕಿತ್ತು. ಊಟಕ್ಕೆ ಏಳೋಕೂ ಆಗ್ತಿರಲಿಲ್ಲ.”

ಮೂರು ವರ್ಷ. ದಿನಾ ಬಸ್ಸಲ್ಲಿ ಒಂದೂ ವಾಪಸ್ ಬಂದಿಲ್ಲ ಅಂತ ಅವಳ ಕಿವಿಯಲ್ಲಿ ಜಾಗಟೆ ಬಾರಿಸಿದ್ದೆ. ಅವಳು ಕಿಟಕಿ ನೋಡ್ತಿದ್ದಳು. ನನಗೆ ನಾಚಿಕೆ ಆಯ್ತು, ಇಷ್ಟು ವಯಸ್ಸಿಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ಅವಳ ಮೇಲೆ ಪ್ರೀತಿಯೂ ಉಕ್ಕಿ ಬಂತು, ಅದನ್ನ ಹೇಗೆ ಹೇಳೋದು ಅಂತ ಗೊತ್ತಾಗಲಿಲ್ಲ. ಹೊಸ ಕನ್ನಡಕ ಮಂಜಾಗಿ ಮತ್ತೆ ಏನೂ ಕಾಣದ ಹಾಗಾಯ್ತು.

“ನಾನು ಪ್ಯಾಕಿಂಗಿಗೆ ಹೋಗಿದ್ದರೆ ನಿನಗೇ ಆರಾಮಿತ್ತಲ್ಲೇ,” ಅಂದೆ.

“ಏನು ಆರಾಮು? ಪಕ್ಕದಲ್ಲಿ ಯಾರೋ ಮೆತ್ತಗೆ ಮಾತಾಡೋರು ಬಂದು ಕೂರ್ತಿದ್ದರು. ದಿನವೆಲ್ಲ ಅವರ ಜೊತೆ ನಾನೇನು ಮಾಡಲಿ?” ಅಂತ ಅವಳು ಚೀಲ ಹೆಗಲಿಗೆ ಹಾಕಿಕೊಂಡಳು. “ನಡೀರಿ, ಬಸ್ಸು ಹೋಗುತ್ತೆ. ಕಾರ್ಡು ಬೇರೆ ವಾಪಸ್ ಕೊಡಬೇಕು.”

ಮಾರನೇ ದಿನ ಬೆಳಗ್ಗೆ ಕನ್ನಡಕ ಹಾಕಿಕೊಂಡು, ತುಟಿ ಬಿಗಿ ಹಿಡಿದು, ಕಣ್ಣಲ್ಲೇ ನೋಡಿ ಮೊದಲ ಸ್ಪ್ರಿಂಗ್ ಕೂರಿಸಿದೆ. ಟಿಕ್ ಅಂತು. ಮುಂದಕ್ಕೆ ತಳ್ಳಿದೆ. ಅವಳು ಮೀಟರಿಗೆ ಹಚ್ಚಿದಳು, ಮುಳ್ಳು ನೋಡಿದಳು, ಕೆಂಪು ಬಣ್ಣದ ಬಾಟಲಿಯ ಮುಚ್ಚಳವನ್ನ ಬಿಗಿಯಾಗಿ ತಿರುಗಿಸಿ ಡ್ರಾಯರಿನೊಳಗೆ ಇಟ್ಟಳು. ಆಮೇಲೆ ಡಬ್ಬಿ ನನ್ನ ಮೇಜಿನ ಮೇಲೆ ಟಣ್ ಅಂತ ಬಂದು ಬಿತ್ತು.

“ಅತ್ತಿಗೆ, ವಾಪಸ್!”

ಇಡೀ ಶೆಡ್ಡಿಗೆ ಕೇಳಿಸಿತು. ಎತ್ತಿ ನೋಡಿದೆ. ನಡುವಿನ ಹಲ್ಲು ಒಂದು ಕೂದಲಿನಷ್ಟು ಮೇಲಿತ್ತು, ಅವಳು ಹೇಳಿದ್ದು ಸರಿಯಾಗಿಯೇ ಇತ್ತು.

“ನಿನ್ನ ಮೀಟರಿಗೇ ಚಾಳೀಸು ಬಂದಿದೆ!” ಅಂತ ನಾನೂ ಅಷ್ಟೇ ಜೋರಾಗಿ ಕೂಗಿ, ಚಿಮಟ ತಗೊಂಡು ಹಲ್ಲು ಬಾಗಿಸೋಕೆ ಕೂತೆ.